ಒಂದೇ ಗಂಟಿಗೆ ಎರಡು ತಕ್ಕಡಿ

2025ರ ಫೆಬ್ರುವರಿ 1ರ ಬಜೆಟ್ ಮುಗಿದ ಮೇಲೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ನಿವೃತ್ತರು ಕೂಡುವ ಕಟ್ಟೆಗಳಲ್ಲಿ ಒಂದು ಮಾತು ಗಟ್ಟಿಯಾಗಿ ಬೇರು ಬಿಟ್ಟಿದೆ: "ಹನ್ನೆರಡು ಲಕ್ಷದ ತನಕ ಏನೂ ಇಲ್ಲಂತ್ರಿ. ಇನ್ನ ಪೆನ್ಶನ್‌ದವ್ರಿಗೆ ಎಲ್ಲಿ ಟ್ಯಾಕ್ಸು?" ಅಡರಕಟ್ಟಿಯಂಥ ಊರಲ್ಲಿ ಅದಕ್ಕೆ ಇನ್ನೊಂದು ಮಾತು ಕೂಡಿಕೊಳ್ಳುತ್ತದೆ: "ಹೊಲದ ಉತ್ಪನ್ನಕ್ಕಂತೂ ಮೊದಲಿಂದನ ಇಲ್ಲ." ನಿವೃತ್ತಿಯ ಹಣಕ್ಕೂ ತೆರಿಗೆಗೂ ಇದ್ದ ಸಂಬಂಧ ಇಲ್ಲಿಗೆ ಕಡಿದುಹೋಯಿತು ಎಂದು ಅನೇಕರು ನೆಮ್ಮದಿಯಿಂದ ನಂಬಿದ್ದಾರೆ.

ನಗರದ ಓದಿಕೊಂಡವರ ವಾದ ಬೇರೆ ದಾರಿಯಲ್ಲಿ ಬಂದು ಅಲ್ಲಿಗೇ ಮುಟ್ಟುತ್ತದೆ. ನಿವೃತ್ತರನ್ನು ಕಾನೂನು ಮೊದಲಿನಿಂದಲೂ ಅಕ್ಕರೆಯಿಂದಲೇ ಕಂಡಿದೆ, ಗ್ರಾಚ್ಯುಟಿಗೆ ವಿನಾಯಿತಿ, ರಜೆ ನಗದೀಕರಣಕ್ಕೆ ವಿನಾಯಿತಿ, ಕಮ್ಯುಟೇಶನ್‌ಗೆ ವಿನಾಯಿತಿ, ಭವಿಷ್ಯನಿಧಿಗೆ ವಿನಾಯಿತಿ, ಮೇಲೆ ಈಗ 12 ಲಕ್ಷದ ರಿಯಾಯಿತಿ; ಇನ್ನೂ ದೂರುವುದಕ್ಕೆ ಏನು ಉಳಿದಿದೆ ಎಂದು ಅವರು ಕೇಳುತ್ತಾರೆ.

ಉಳಿದಿದೆ. ನಿವೃತ್ತಿಯ ಹಣಕ್ಕೆ ತೆರಿಗೆ ಹಾಕುವಾಗ ನಮ್ಮ ಕಾನೂನು ಮೊದಲು ನೋಡುವುದು ಆ ಹಣ ಎಷ್ಟು ಎಂಬುದನ್ನಲ್ಲ, ಪಡೆದವರ ವಯಸ್ಸನ್ನಲ್ಲ, ಅವರ ಮನೆಯ ಕಷ್ಟವನ್ನಲ್ಲ. ಸಂಬಳ ಕೊಟ್ಟ ಯಜಮಾನ ಯಾರು ಎಂಬುದನ್ನು. ಸರ್ಕಾರದ ಮೊಹರು ಇದ್ದವರಿಗೆ ಒಂದು ತಕ್ಕಡಿ, ಇಲ್ಲದವರಿಗೆ ಇನ್ನೊಂದು. ಹನ್ನೆರಡು ಲಕ್ಷದ ರಿಯಾಯಿತಿ ಈ ತಾರತಮ್ಯವನ್ನು ತಿದ್ದಿಲ್ಲ. ಅದು ಕಣ್ಣಿಗೆ ಬೀಳದಂತೆ ಮಾಡಿದೆ, ಅಷ್ಟೇ.

ಅಡರಕಟ್ಟಿಯವರೇ ಆದ ಇಬ್ಬರನ್ನು ಲೆಕ್ಕಕ್ಕಾಗಿ ಎದುರುಬದುರು ಕೂರಿಸಿ ನೋಡಬಹುದು. ಒಬ್ಬರು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು, ಊರಿನವರ ಬಾಯಲ್ಲಿ ದೊಡ್ಡ ಮಾಸ್ತರು. ಇನ್ನೊಬ್ಬರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಂಡವರು. ಇಬ್ಬರೂ ಅರವತ್ತು ತುಂಬಿ 2022ರ ಮಾರ್ಚ್ 31ರಂದು ನಿವೃತ್ತರಾದರು ಎಂದಿಟ್ಟುಕೊಳ್ಳೋಣ. ಇಬ್ಬರ ಮೂಲವೇತನ, ತುಟ್ಟಿಭತ್ಯೆ ಕೂಡಿ ತಿಂಗಳಿಗೆ 60,000 ರೂಪಾಯಿ. ಇಬ್ಬರೂ ಕೂಡಿಟ್ಟ ಗಳಿಕೆ ರಜೆ 300 ದಿನ. ರಜೆಯ ಲೆಕ್ಕದಲ್ಲಿ ಇಬ್ಬರ ಕೈಗೂ ಅದೇ ದಿನ ಬಂದದ್ದು 6 ಲಕ್ಷ.

ಮಾಸ್ತರರ 6 ಲಕ್ಷಕ್ಕೆ ತೆರಿಗೆ ಇಲ್ಲ. ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿಯಲ್ಲಿ ಸಿಗುವ ರಜೆ ನಗದೀಕರಣಕ್ಕೆ ಪೂರ್ಣ ವಿನಾಯಿತಿ, ಅದಕ್ಕೆ ಮಿತಿಯೇ ಇಲ್ಲ. ಸಾರಿಗೆ ಸಂಸ್ಥೆಯವರಿಗೆ ಆ ದಿನ ಇದ್ದ ಮಿತಿ 3 ಲಕ್ಷ. ಮೇಲಿನ 3 ಲಕ್ಷ ಆ ವರ್ಷದ ಸಂಬಳದ ಜೊತೆ ಸೇರಿ ಶೇಕಡಾ 20ರ ಹಂತಕ್ಕೆ ಬೀಳುತ್ತದೆ. ತೆರಿಗೆ 60,000, ಅದರ ಮೇಲೆ ಶೇಕಡಾ 4ರ ಸೆಸ್ 2,400, ಒಟ್ಟು 62,400 ರೂಪಾಯಿ. ಮೂವತ್ತು ವರ್ಷ ಹಬ್ಬಹುಣ್ಣಿಮೆ ಎನ್ನದೆ ದುಡಿದು ಉಳಿಸಿಕೊಂಡ ರಜೆಯಲ್ಲಿ ಒಂದು ತಿಂಗಳಿಗೂ ಹೆಚ್ಚಿನ ಸಂಬಳ ಹೀಗೆ ಹೋಯಿತು. ದುಡಿಮೆ ಒಂದೇ, ರಜೆ ಒಂದೇ, ಹಣವೂ ಒಂದೇ. ಬೇರೆಯಾದದ್ದು ಸಂಬಳದ ಚೀಟಿಯ ಮೇಲಿನ ಹೆಸರು ಮಾತ್ರ.

ಈ 3 ಲಕ್ಷದ ಮಿತಿ ಎಲ್ಲಿಂದ ಬಂತು? ಅದನ್ನು ಕಟ್ಟಿದ್ದು 2002ರಲ್ಲಿ. ಆಗ ಸರ್ಕಾರದಲ್ಲಿ ಅತಿ ಹೆಚ್ಚಿನ ಮೂಲವೇತನ ತಿಂಗಳಿಗೆ 30,000 ಇತ್ತು. ಹತ್ತು ತಿಂಗಳಿಗೆ 3 ಲಕ್ಷ. ಈ ವಿವರವನ್ನು 2023ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಹೇಳಿ, ಮಿತಿಯನ್ನು 25 ಲಕ್ಷಕ್ಕೆ ಏರಿಸಿದರು. ಸರ್ಕಾರದ ಅತಿ ಹೆಚ್ಚಿನ ವೇತನ ಆ ಹೊತ್ತಿಗೆ ಎರಡೂವರೆ ಲಕ್ಷ ಮುಟ್ಟಿತ್ತು. ಲೆಕ್ಕ ಸರಿಯಾಗಿದೆ. ಸರಿಯಿಲ್ಲದ್ದು ನಡುವಿನ 21 ವರ್ಷ. ಆ ಅವಧಿಯಲ್ಲಿ ಆರನೇ ಕೇಂದ್ರ ವೇತನ ಆಯೋಗ ಬಂತು, ಏಳನೆಯದೂ ಬಂತು. ಎರಡು ಸಲ ಸರ್ಕಾರಿ ವೇತನ ಮೇಲೇರಿತು, ಅದರ ಜೊತೆ ಸರ್ಕಾರಿ ನೌಕರರ ತೆರಿಗೆರಹಿತ ಮೊತ್ತವೂ ತಾನಾಗಿ ಏರಿತು. ನಿಗಮದವರು, ಬ್ಯಾಂಕಿನವರು, ಗಿರಣಿಯವರು, ಖಾಸಗಿ ಕಾಲೇಜಿನವರು 2002ರ ಗೆರೆಯ ಮೇಲೆಯೇ ನಿಂತಿದ್ದರು. ಹೊಸ ಮಿತಿ ಜಾರಿಯಾದದ್ದು 2023ರ ಏಪ್ರಿಲ್ 1ರಿಂದ. ಅದರ ಹಿಂದಿನ ದಿನ ಹಾರ ಹಾಕಿಸಿಕೊಂಡು ಮನೆಗೆ ಹೋದವರಿಗೆ ಕಾನೂನಿನ ಅಕ್ಷರದಲ್ಲಿ ಸಿಕ್ಕಿದ್ದು ಹಳೆಯ 3 ಲಕ್ಷವೇ.

ಮಿತಿ ಏರಿಸಿದ್ದನ್ನು ಉದಾರತೆ ಎಂದು ಹೊಗಳಿದವರಿದ್ದಾರೆ. ಎರಡು ದಶಕ ತಡೆಹಿಡಿದ ನ್ಯಾಯವನ್ನು ತಡವಾಗಿ ಕೊಟ್ಟರೆ ಅದು ಉದಾರತೆ ಆಗುವುದಿಲ್ಲ. ಅಷ್ಟು ವರ್ಷ ಹೆಚ್ಚುವರಿ ತೆರಿಗೆ ಕಟ್ಟಿದವರಿಗೆ ಆ ಹಣ ತಾನಾಗಿ ಹಿಂದಿರುಗಿ ಬರಲಿಲ್ಲ.

ಗ್ರಾಚ್ಯುಟಿಯ ಕಥೆಯೂ ಇದೇ ದಾರಿಯದು. ಏಳನೇ ಕೇಂದ್ರ ವೇತನ ಆಯೋಗದ ಶಿಫಾರಸಿನಂತೆ ಕೇಂದ್ರ ಸರ್ಕಾರಿ ನೌಕರರ ಗ್ರಾಚ್ಯುಟಿಯ ಗರಿಷ್ಠ ಮೊತ್ತ 10 ಲಕ್ಷದಿಂದ 20 ಲಕ್ಷಕ್ಕೆ ಏರಿದ್ದು 2016ರ ಜನವರಿ 1ರಿಂದ. ಗ್ರಾಚ್ಯುಟಿ ಪಾವತಿ ಕಾಯ್ದೆಗೆ ಒಳಪಟ್ಟ ಉಳಿದ ನೌಕರರಿಗೆ ಅದೇ 20 ಲಕ್ಷ ದಕ್ಕಿದ್ದು 2018ರ ಮಾರ್ಚ್ 29ರಿಂದ. ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ. ಆಮೇಲೆ 2024ರ ಜನವರಿ 1ರಿಂದ, ತುಟ್ಟಿಭತ್ಯೆ ಶೇಕಡಾ 50 ಮುಟ್ಟಿತೆಂದು, ಕೇಂದ್ರ ನೌಕರರ ಮೊತ್ತ 25 ಲಕ್ಷವಾಯಿತು; ಅದಕ್ಕೆ ಪೂರ್ಣ ವಿನಾಯಿತಿ. ಉಳಿದವರ ತೆರಿಗೆರಹಿತ ಮಿತಿ 20 ಲಕ್ಷದಲ್ಲೇ ನಿಂತಿತು. ಬೆಲೆ ಏರಿಕೆಯ ಕಾರಣಕ್ಕೇ ಸರ್ಕಾರ ತನ್ನ ನೌಕರರ ಮೊತ್ತ ಏರಿಸಿದ್ದು. ಗದಗ-ಬೆಟಗೇರಿಯ ಸಂತೆಯಲ್ಲಿ ಉಳ್ಳಾಗಡ್ಡಿಯ ಬೆಲೆ ಸರ್ಕಾರಿ ನಿವೃತ್ತರಿಗೊಂದು, ಗಿರಣಿಯ ನಿವೃತ್ತರಿಗೊಂದು ಇಲ್ಲ. ಬೆಲೆ ಎಲ್ಲರಿಗೂ ಏರುವಾಗ ಮಿತಿ ಕೆಲವರಿಗೆ ಮಾತ್ರ ಏರುವುದು ಯಾವ ನ್ಯಾಯ?

ಸರ್ಕಾರಿ ಎಂದರೆ ಯಾರು ಎಂಬುದರಲ್ಲಿಯೂ ಕಾನೂನಿಗೆ ಒಂದೇ ನಿಲುವಿಲ್ಲ. ಗ್ರಾಚ್ಯುಟಿಯ ಪೂರ್ಣ ವಿನಾಯಿತಿಯ ಪಟ್ಟಿಯಲ್ಲಿ ಸ್ಥಳೀಯ ಸಂಸ್ಥೆಗಳ ನೌಕರರೂ ಇದ್ದಾರೆ. ಕಮ್ಯುಟೇಶನ್, ಅಂದರೆ ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಇಡಿಗಂಟಾಗಿ ಪಡೆಯುವ ವಿಷಯಕ್ಕೆ ಬಂದರೆ, ಸ್ಥಳೀಯ ಸಂಸ್ಥೆಯವರ ಜೊತೆಗೆ ಶಾಸನದ ಮೂಲಕ ಸ್ಥಾಪಿತವಾದ ನಿಗಮಗಳ ನೌಕರರೂ ಸೇರುತ್ತಾರೆ. ರಜೆ ನಗದೀಕರಣಕ್ಕೆ ಬರುವ ಹೊತ್ತಿಗೆ ಇಬ್ಬರೂ ಹೊರಗೆ. ಕೇಂದ್ರ ಮತ್ತು ರಾಜ್ಯ ಸರ್ಕಾರದ ನೌಕರರಷ್ಟೇ ಒಳಗೆ. ಗದಗ-ಬೆಟಗೇರಿ ನಗರಸಭೆಯಲ್ಲಿ ದುಡಿದು ನಿವೃತ್ತರಾದವರು ಕಾಯ್ದೆಯ ಒಂದು ಸಾಲಿನಲ್ಲಿ ಸರ್ಕಾರಿ ನೌಕರರ ಪಂಕ್ತಿಯಲ್ಲಿ ಕೂಡುತ್ತಾರೆ, ಇನ್ನೊಂದು ಸಾಲಿಗೆ ಬಂದಾಗ ಎದ್ದು ಹೋಗಬೇಕಾಗುತ್ತದೆ. ಖಾಸಗಿಯವರ ಕಮ್ಯುಟೇಶನ್‌ಗಂತೂ ಮತ್ತೊಂದು ಅಳತೆ: ಗ್ರಾಚ್ಯುಟಿ ಬಂದಿದ್ದರೆ ಪಿಂಚಣಿಯ ಮೂರನೇ ಒಂದು ಪಾಲಿಗೆ, ಬರದಿದ್ದರೆ ಅರ್ಧಕ್ಕೆ ವಿನಾಯಿತಿ. ಈ ಮೂರು ಬೇಲಿಗಳನ್ನು ಮೂರು ಕಡೆ ಹಾಕಿದ್ದಕ್ಕೆ ಒಪ್ಪುವಂಥ ಕಾರಣ ಕಾಯ್ದೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ತಾರತಮ್ಯವನ್ನು ಸಮರ್ಥಿಸುವವರ ಬಳಿ ಒಂದು ಗಂಭೀರ ವಾದವಿದೆ. ಸರ್ಕಾರಿ ನೌಕರರದ್ದು ಸಂವಿಧಾನದ ಅಡಿಯಲ್ಲಿ ಬರುವ ವಿಶೇಷ ಸ್ಥಾನ, ಅವರು ಬೇರೆಯೇ ವರ್ಗ, ಬೇರೆ ವರ್ಗಕ್ಕೆ ಬೇರೆ ನಿಯಮ ತಪ್ಪಲ್ಲ ಎಂಬುದು ಅದರ ತಿರುಳು. ಸಾರ್ವಜನಿಕ ವಲಯದ ನಿವೃತ್ತರು ಹೂಡಿದ್ದ ಕಮಲ್ ಕುಮಾರ್ ಕಾಲಿಯಾ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2019ರಲ್ಲಿ ಈ ವರ್ಗೀಕರಣವನ್ನು ಒಪ್ಪಿತು. ಆದರೆ ಅದೇ ನ್ಯಾಯಾಲಯ, 3 ಲಕ್ಷದ ಮಿತಿ ವರ್ಷಗಟ್ಟಲೆ ಏರದೆ ನಿಂತ ಪ್ರಶ್ನೆಯ ಮೇಲೆ ಸರ್ಕಾರಕ್ಕೆ ನೋಟಿಸನ್ನೂ ಕೊಟ್ಟಿತು. ವರ್ಗ ಬೇರೆ ಎಂಬುದು ಸೇವಾ ನಿಯಮಗಳಿಗೆ, ಬಡ್ತಿಗೆ, ಶಿಸ್ತುಕ್ರಮಕ್ಕೆ ಒಪ್ಪುವ ಮಾತು. ನಿವೃತ್ತರ ಕೈಗೆ ಬಂದ 6 ಲಕ್ಷಕ್ಕೆ ಕಟ್ಟಬೇಕಾದ ತೆರಿಗೆಗೂ ಅದಕ್ಕೂ ಏನು ನಂಟು? ತೆರಿಗೆ ಹಾಕುವುದು ಕಟ್ಟುವ ಶಕ್ತಿಯನ್ನು ನೋಡಿ. ಸಾಂವಿಧಾನಿಕ ಸ್ಥಾನಮಾನ ಹಣದ ಕೊಳ್ಳುವ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ.

ಸರ್ಕಾರಿ ಸಂಬಳ ಕಡಿಮೆ, ಅದನ್ನು ತೆರಿಗೆ ವಿನಾಯಿತಿಯಲ್ಲಿ ತುಂಬಿಕೊಡುತ್ತಾರೆ ಎಂಬುದು ಇನ್ನೊಂದು ಹಳೆಯ ಸಮರ್ಥನೆ. ಗದಗ ಜಿಲ್ಲೆಯಲ್ಲಿ ಇದು ನಿಲ್ಲುವ ಮಾತಲ್ಲ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಗಿ, ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ, ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೆ ಏರಿತು. ನ್ಯಾಯವಾದ ಏರಿಕೆ ಅದು, ಯಾರೂ ಅಸೂಯೆ ಪಡಬೇಕಾದ್ದಿಲ್ಲ. ಆದರೆ ನೌಕರರ ಪಿಂಚಣಿ ಯೋಜನೆಯಲ್ಲಿ, ಅಂದರೆ ಭವಿಷ್ಯನಿಧಿ ಕಚೇರಿಯ 1995ರ ಯೋಜನೆಯಲ್ಲಿ, ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದಾದದ್ದು ಹತ್ತು ವರ್ಷ ಕಳೆದರೂ ಅಲ್ಲಿಯೇ ಇತ್ತು. ಆ ಯೋಜನೆಯ ವೇತನ ಮಿತಿ 15,000. ಮೂವತ್ತೈದು ವರ್ಷದ ಸೇವೆಗೆ ಲೆಕ್ಕ ಹಾಕಿದರೂ ತಿಂಗಳಿಗೆ 7,500 ದಾಟುವುದಿಲ್ಲ. ನೂಲಿನ ಗಿರಣಿಗಳಲ್ಲಿ, ಸಾರಿಗೆ ಡಿಪೋಗಳಲ್ಲಿ ದುಡಿದವರು ಪಿಂಚಣಿ ಎಂದು ಎಣಿಸಿಕೊಳ್ಳುವುದು ಇದನ್ನೇ.

ಇಲ್ಲಿಯೇ "ಯಾರಿಗೂ ತೆರಿಗೆ ಬೀಳುವುದಿಲ್ಲವಲ್ಲ" ಎಂಬ ಸಮಾಧಾನದ ಒಳಗಿನ ಟೊಳ್ಳು ಕಾಣುತ್ತದೆ. ತಿಂಗಳಿಗೆ ಮೂರು ಸಾವಿರ ಪಿಂಚಣಿ ಪಡೆಯುವ ನಿವೃತ್ತ ಕಂಡಕ್ಟರರಿಗೆ ತೆರಿಗೆ ಬೀಳದಿರುವುದು ನಿಜ. ಬೀಳದಿರುವುದಕ್ಕೆ ಕಾರಣ ಆ ಪಿಂಚಣಿಯ ಬಡತನ. ಅದನ್ನು ಕಾನೂನಿನ ಕರುಣೆಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಇಂಥವರ ಬಾಳಿನಲ್ಲಿ ಒಮ್ಮೆಯಾದರೂ ತೆರಿಗೆಯ ಗಡಿ ಮುಟ್ಟುವ ಹಣ ಬರುವುದು ನಿವೃತ್ತಿಯ ವರ್ಷದಲ್ಲಿ, ಆ ಇಡಿಗಂಟಿನಲ್ಲಿ. ಹೆಣ್ಣುಮಕ್ಕಳ ಮದುವೆ, ಮನೆಯ ಸ್ಲ್ಯಾಬು, ಹಳೆಯ ಸಾಲ, ಎಲ್ಲಕ್ಕೂ ಅದೊಂದೇ ಗತಿ. 2023ರ ತನಕ ಕಾನೂನು ಕೈ ಹಾಕಿದ್ದು ಸರಿಯಾಗಿ ಆ ಗಂಟಿಗೇ.

ಹೊಸ ಪೀಳಿಗೆಯ ಸರ್ಕಾರಿ ನೌಕರರೂ ಈ ತಕ್ಕಡಿಯಿಂದ ಹೊರಗೆ ಉಳಿದಿಲ್ಲ. 2006ರ ಏಪ್ರಿಲ್ 1ರ ನಂತರ ಕರ್ನಾಟಕದಲ್ಲಿ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ ಬಂದರು. ನಿವೃತ್ತಿಯಲ್ಲಿ ಕೂಡಿದ ಮೊತ್ತದ ಶೇಕಡಾ 60ನ್ನು ತೆರಿಗೆ ಇಲ್ಲದೆ ಪಡೆಯಬಹುದು, ಉಳಿದ ಶೇಕಡಾ 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು. ಆ ವರ್ಷಾಶನಕ್ಕೆ ತೆರಿಗೆ ಇದೆ. ಹಳೆಯ ಪಿಂಚಣಿದಾರರ ಪಿಂಚಣಿ ಸಂಬಳದ ತಲೆಬರಹದಡಿ ಬರುವುದರಿಂದ ಅದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಉಂಟು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 75,000, ಹಳೆಯದರಲ್ಲಿ 50,000. ಮಾಜಿ ಉದ್ಯೋಗದಾತ ಕೊಡುವ ಪಿಂಚಣಿಗೆ ಇದು ಸಲ್ಲುತ್ತದೆ ಎಂದು ನೇರ ತೆರಿಗೆಗಳ ಕೇಂದ್ರ ಮಂಡಳಿ 2018ರಲ್ಲಿ ಸ್ಪಷ್ಟಪಡಿಸಿತ್ತು. ವಿಮಾ ಕಂಪನಿ ಕೊಡುವ ವರ್ಷಾಶನ ಇತರ ಮೂಲಗಳ ಆದಾಯವಾಗಿ ಎಣಿಕೆಯಾಗುತ್ತದೆ, ಆ ಕಡಿತ ಅದಕ್ಕಿಲ್ಲ. ಒಂದೇ ಶಾಲೆಯಲ್ಲಿ, ಒಂದೇ ಕರಿಹಲಗೆಯ ಮುಂದೆ ನಿಂತು ಪಾಠ ಮಾಡಿದ ಇಬ್ಬರಲ್ಲಿ ದೊಡ್ಡ ಪಿಂಚಣಿಯವರಿಗೆ ಕಡಿತ ಸಿಗುತ್ತದೆ, ಸಣ್ಣ ವರ್ಷಾಶನದವರಿಗೆ ಸಿಗುವುದಿಲ್ಲ.

ಇಷ್ಟೆಲ್ಲದರಲ್ಲಿ ಅತ್ಯಂತ ನಿರ್ದಯವಾದದ್ದು ಕುಟುಂಬ ಪಿಂಚಣಿಯ ನಿಯಮ. ಗಂಡ ಬದುಕಿದ್ದಾಗ ಮನೆಗೆ ಬರುತ್ತಿದ್ದ ಪಿಂಚಣಿಗೆ 75,000 ಕಡಿತ. ಅವರು ತೀರಿಕೊಂಡ ಮರುತಿಂಗಳಿನಿಂದ ಹೆಂಡತಿಗೆ ಬರುವ, ಸಾಮಾನ್ಯವಾಗಿ ಮೊದಲಿಗಿಂತ ಕಡಿಮೆ ಮೊತ್ತದ ಪಿಂಚಣಿಗೆ ಕಡಿತ ಮೂರನೇ ಒಂದು ಪಾಲು ಅಥವಾ 25,000, ಎರಡರಲ್ಲಿ ಯಾವುದು ಕಡಿಮೆಯೋ ಅದು. ಹಳೆಯ ಪದ್ಧತಿಯಲ್ಲಿ ಅದು ಇನ್ನೂ 15,000ದಲ್ಲೇ ಇದೆ. ಕರ್ತವ್ಯದಲ್ಲಿ ಮಡಿದ ಸೈನಿಕರ ಕುಟುಂಬ ಪಿಂಚಣಿಗೆ ಪೂರ್ಣ ವಿನಾಯಿತಿ ಇದೆ, ಅದು ಇರಲೇಬೇಕು. ಉಳಿದ ವಿಧವೆಯರ ವಿಷಯದಲ್ಲಿ ಕಾನೂನು ಏಕೆ ಇಷ್ಟು ಬಿಗಿಮುಷ್ಟಿ ಹಿಡಿಯಬೇಕು?

ಇದು ಬರಿಯ ತತ್ವದ ಜಗಳವಲ್ಲ ಎಂಬುದಕ್ಕೆ ಒಂದು ಲೆಕ್ಕ ಸಾಕು. ಗದಗ-ಬೆಟಗೇರಿಯ ಒಬ್ಬ ಶಿಕ್ಷಕಿಯನ್ನು, ಈ ಕಡೆ ಅಕ್ಕೋರು ಎನ್ನುತ್ತೇವೆ, ಉದಾಹರಣೆಗೆ ತೆಗೆದುಕೊಳ್ಳೋಣ. 2025-26ರಲ್ಲಿ ಅವರ ಸಂಬಳ 9 ಲಕ್ಷ. ಸರ್ಕಾರಿ ಸೇವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿ ವರ್ಷಕ್ಕೆ ನಾಲ್ಕೂವರೆ ಲಕ್ಷ. ಒಟ್ಟು 13,50,000. ಸಂಬಳಕ್ಕೆ 75,000, ಕುಟುಂಬ ಪಿಂಚಣಿಗೆ 25,000 ಕಳೆದರೆ 12,50,000. ಹೊಸ ಹಂತಗಳ ಪ್ರಕಾರ ತೆರಿಗೆ 67,500; 12 ಲಕ್ಷದ ಗಡಿಯನ್ನು ಸ್ವಲ್ಪವೇ ದಾಟಿದವರಿಗೆ ಇರುವ ಅಂಚಿನ ರಿಯಾಯಿತಿ ಅದನ್ನು 50,000ಕ್ಕೆ ಇಳಿಸುತ್ತದೆ. ಸೆಸ್ 2,000 ಸೇರಿ 52,000 ರೂಪಾಯಿ. ಕುಟುಂಬ ಪಿಂಚಣಿಗೂ 75,000 ಕಡಿತ ಇದ್ದಿದ್ದರೆ ಅವರ ಆದಾಯ ಸರಿಯಾಗಿ 12 ಲಕ್ಷಕ್ಕೆ ನಿಲ್ಲುತ್ತಿತ್ತು, ತೆರಿಗೆ ಸೊನ್ನೆ ಆಗುತ್ತಿತ್ತು. ಕಡಿತದಲ್ಲಿ ಬಿಟ್ಟುಕೊಡದ 50,000 ರೂಪಾಯಿಗೆ ಆ ಅಕ್ಕೋರು ತೆರುವುದು 52,000. ಗಂಡ ಹೋದ ಮೇಲೆ ಇಬ್ಬರ ಹೊಣೆಯನ್ನು ಒಬ್ಬರೇ ಹೊತ್ತ ಮನೆ ಅದು. ಆ ಮನೆಗೆ ಮಕ್ಕಳ ಕಾಲೇಜಿನ ಒಂದು ವರ್ಷದ ಶುಲ್ಕವಾಗುವಷ್ಟು ಹಣ ಇದು.

ಹೊಲದ ಮಾತಿಗೆ ಬರೋಣ. ಕೃಷಿ ಆದಾಯಕ್ಕೆ ಕೇಂದ್ರ ತೆರಿಗೆ ಹಾಕುವಂತಿಲ್ಲ, ಸಂವಿಧಾನ ಆ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿದೆ. ಆದರೆ ಕೆ.ಎನ್. ರಾಜ್ ಸಮಿತಿಯ ಶಿಫಾರಸಿನ ನಂತರ 1973ರಲ್ಲಿ ಬಂದ ಒಂದು ಪದ್ಧತಿ ಇಂದಿಗೂ ಇದೆ: ಕೃಷಿ ಆದಾಯ 5,000 ದಾಟಿದರೆ, ಉಳಿದ ಆದಾಯ ಮೂಲ ವಿನಾಯಿತಿಯ ಮಿತಿ ಮೀರಿದ್ದರೆ, ದರ ನಿರ್ಧರಿಸುವುದಕ್ಕಾಗಿ ಎರಡನ್ನೂ ಕೂಡಿಸಿ ನೋಡುತ್ತಾರೆ. ಕಡಿತದ ನಂತರ 10 ಲಕ್ಷ ಪಿಂಚಣಿ ಇರುವ ನಿವೃತ್ತ ಅಧಿಕಾರಿಗೆ ಮೆಣಸಿನಕಾಯಿ, ಹತ್ತಿ, ಶೇಂಗಾದಿಂದ 6 ಲಕ್ಷ ಬಂದರೆ, 16 ಲಕ್ಷಕ್ಕೆ 1,20,000 ತೆರಿಗೆ ಹಾಕಿ, ಅದರಿಂದ ಕೃಷಿಯ 6 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಕೂಡಿಸಿದ 10 ಲಕ್ಷದ ಮೇಲಿನ 40,000 ಕಳೆಯಬೇಕು. ಉಳಿದ 80,000ದಲ್ಲಿ ರಿಯಾಯಿತಿ 60,000 ಮೀರುವುದಿಲ್ಲ. 20,000 ತೆರಿಗೆ, ಸೆಸ್ ಸೇರಿ 20,800. ಪಿಂಚಣಿ 12 ಲಕ್ಷದ ಒಳಗೇ ಇದ್ದರೂ ತೆರಿಗೆ ಬಂತು. ಈ ಕೂಡಿಸುವ ಪದ್ಧತಿ ಅನ್ಯಾಯವಲ್ಲ. ಎರಡು ಕಡೆಯಿಂದ ಆದಾಯ ಇರುವವರು ಸ್ವಲ್ಪ ಹೆಚ್ಚು ಕೊಡಲಿ ಎಂಬುದರಲ್ಲಿ ಅರ್ಥವಿದೆ. ಆದರೆ "ಏನೂ ಇಲ್ಲಂತ್ರಿ" ಎಂದು ಕಟ್ಟೆಯ ಮೇಲೆ ಕೇಳಿದ್ದನ್ನು ನಂಬಿ ಕೂತವರಿಗೆ ನೋಟಿಸು ಬಂದಾಗ ಆಗುವ ಗಾಬರಿ ಸಣ್ಣದಲ್ಲ.

ಆ ಮಾತು ಮರೆಸುವ ಇನ್ನೊಂದು ಸಂಗತಿ ಇದೆ. 12 ಲಕ್ಷ ಎಂಬುದು ರಿಯಾಯಿತಿ, ವಿನಾಯಿತಿ ಅಲ್ಲ. ಹೊಸ ಪದ್ಧತಿಯ ಮೂಲ ವಿನಾಯಿತಿ 4 ಲಕ್ಷ. ಅದಕ್ಕಿಂತ ಹೆಚ್ಚು ಆದಾಯ ಇದ್ದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು. ಲಕ್ಷ್ಮೇಶ್ವರದ ನಿವೃತ್ತರೊಬ್ಬರು ತಮ್ಮ ಇಡಿಗಂಟಿನ 30 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ, ಶೇಕಡಾ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500, ವರ್ಷಕ್ಕೆ 2,46,000 ಬಡ್ಡಿ. ಹಿರಿಯರಿಗೆ ಒಂದು ಕಡೆಯ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ಮೂಲದಲ್ಲೇ ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ. ತಪ್ಪಿಸಿಕೊಳ್ಳಲು ಏಪ್ರಿಲ್ ಬಂತೆಂದರೆ ಅಂಚೆ ಕಚೇರಿಗೊಂದು, ಬ್ಯಾಂಕಿಗೊಂದು ಎಂದು ತೆರಿಗೆ ಹಿಡಿಯಬೇಡಿ ಎಂಬ ಅರ್ಜಿ ತುಂಬಿ, ಪ್ಯಾನ್ ಕಾರ್ಡಿನ ಝೆರಾಕ್ಸ್ ಲಗತ್ತಿಸಿ, ಸ್ವೀಕೃತಿಗೆ ಸರದಿಯಲ್ಲಿ ನಿಲ್ಲಬೇಕು. ಕೊಡುವುದು ತಡವಾದರೆ ಹಣ ಕಡಿತವಾಗುತ್ತದೆ, ಆಮೇಲೆ ರಿಟರ್ನ್ ಹಾಕಿ ಮರುಪಾವತಿಗೆ ಕಾಯಬೇಕು. ಕಣ್ಣು ಮಂಜಾದ ಹಿರಿಯರು ಮೊಬೈಲಿಗೆ ಬಂದ ಒಟಿಪಿಯನ್ನು ಆನ್‌ಲೈನ್ ಸೆಂಟರಿನ ಹುಡುಗನಿಗೆ ಓದಿ ಹೇಳುತ್ತ ಕೂತಿರುವ ಜುಲೈ ತಿಂಗಳ ಚಿತ್ರ ತಾಲ್ಲೂಕು ಕೇಂದ್ರಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ.

ಎಪ್ಪತ್ತೈದು ದಾಟಿದವರಿಗೆ 2021ರಿಂದ ರಿಟರ್ನ್ ಸಲ್ಲಿಕೆಯಿಂದ ಬಿಡುಗಡೆ ಕೊಟ್ಟಿದ್ದೇವೆ ಎಂದು ಸರ್ಕಾರ ಹೇಳುತ್ತದೆ. ಷರತ್ತು ನೋಡಬೇಕು: ಪಿಂಚಣಿ ಮತ್ತು ಬಡ್ಡಿ ಎರಡೂ ಒಂದೇ ಬ್ಯಾಂಕಿನಿಂದ ಬರಬೇಕು, ಅದೂ ಸರ್ಕಾರ ಗುರುತಿಸಿದ ಬ್ಯಾಂಕು, ಬೇರೆ ಆದಾಯ ಇರಕೂಡದು. ಅಂಚೆ ಕಚೇರಿಯಲ್ಲಿ ಠೇವಣಿ ಇದ್ದರೆ ಈ ಬಿಡುಗಡೆ ಇಲ್ಲ. ಊರಿನ ಸಹಕಾರಿ ಸಂಘದಲ್ಲಿ ಇದ್ದರೂ ಇಲ್ಲ. 1905ರಲ್ಲಿಯೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಜಿಲ್ಲೆ ಇದು. ಇಲ್ಲಿನ ಹಿರಿಯರ ಉಳಿತಾಯ ಒಂದೇ ಬ್ಯಾಂಕಿನಲ್ಲಿ ಇರಬೇಕು ಎಂಬ ನಿಯಮ ಮಾಡಿದವರು ಹಳ್ಳಿಯ ಪಾಸ್‌ಬುಕ್ಕುಗಳನ್ನು ನೋಡಿದಂತಿಲ್ಲ. ಪ್ರಾಥಮಿಕ ಪತ್ತಿನ ಸಂಘಗಳು ಸದಸ್ಯರ ಬಡ್ಡಿಗೆ ಟಿಡಿಎಸ್ ಹಿಡಿಯುವುದಿಲ್ಲ ನಿಜ. ಆದರೆ ಬಡ್ಡಿ ತೆರಿಗೆಯ ಲೆಕ್ಕದಿಂದ ತಪ್ಪುವುದಿಲ್ಲ. ಹಿಡಿಯದಿದ್ದರೆ ತೆರಿಗೆಯೇ ಇಲ್ಲ ಎಂದುಕೊಂಡು ತೊಂದರೆಗೆ ಸಿಕ್ಕಿಕೊಳ್ಳುವವರು ಬಹುಮಟ್ಟಿಗೆ ಹಿರಿಯರೇ.

ವಯಸ್ಸಿಗೆ ಮೊದಲು ಇದ್ದ ಬೆಲೆಯೂ ಹೊಸ ಪದ್ಧತಿಯಲ್ಲಿ ಇಲ್ಲವಾಗಿದೆ. ಹಳೆಯದರಲ್ಲಿ ಅರವತ್ತು ದಾಟಿದವರಿಗೆ 3 ಲಕ್ಷ, ಎಂಬತ್ತು ದಾಟಿದವರಿಗೆ 5 ಲಕ್ಷದ ಮೂಲ ವಿನಾಯಿತಿ, ಠೇವಣಿ ಬಡ್ಡಿಗೆ 50,000 ಕಡಿತ, ಆರೋಗ್ಯ ವಿಮೆಗೆ 50,000, ಕೆಲವು ಗಂಭೀರ ಕಾಯಿಲೆಗಳ ಚಿಕಿತ್ಸೆಗೆ 1 ಲಕ್ಷದ ತನಕ ಕಡಿತ ಇವೆ. ಹೊಸದರಲ್ಲಿ ಎಂಬತ್ತೈದರ ಅಜ್ಜಿಗೂ ಇಪ್ಪತ್ತೈದರ ಸಾಫ್ಟ್‌ವೇರ್ ಹುಡುಗನಿಗೂ ಒಂದೇ ಹಂತ. 12 ಲಕ್ಷ ದಾಟಿದವರು ಶ್ರೀಮಂತರು, ಅವರ ಬಗ್ಗೆ ಮರುಕ ಬೇಡ ಎನ್ನುವವರು ಒಂದು ಕ್ಯಾನ್ಸರ್ ಚಿಕಿತ್ಸೆಯ ಬಿಲ್ಲನ್ನು ಹತ್ತಿರದಿಂದ ನೋಡಬೇಕು.

ಇದನ್ನೆಲ್ಲ ರಾಜ್ಯ ಸರ್ಕಾರವೇ ಸರಿಪಡಿಸಲಿ ಎಂದು ಕೆಲವರು ಕೇಳುತ್ತಾರೆ. ಅದು ಆಗದ ಮಾತು. ಕೃಷಿಯೇತರ ಆದಾಯದ ತೆರಿಗೆ ಕೇಂದ್ರ ಪಟ್ಟಿಯ 82ನೇ ನಮೂದು. ಪಿಂಚಣಿ ಕೊಡುವುದು ಕರ್ನಾಟಕವೇ ಆದರೂ ಅದರ ತೆರಿಗೆ ಬಿಡುವ ಅಧಿಕಾರ ಕರ್ನಾಟಕಕ್ಕೆ ಇಲ್ಲ. ಸಂಬಳದಿಂದ ತಿಂಗಳಿಗೆ 200 ರೂಪಾಯಿಯಂತೆ ಹಿಡಿಯುತ್ತಿದ್ದ ವೃತ್ತಿ ತೆರಿಗೆ ನಿವೃತ್ತಿಯ ದಿನಕ್ಕೆ ನಿಲ್ಲುತ್ತದೆ, ರಾಜ್ಯದ ಕಡೆಯಿಂದ ಆಗುವುದು ಅಷ್ಟು.

ಕೇಂದ್ರ ಮತ್ತು ರಾಜ್ಯ ಎರಡೂ ಆದಾಯ ತೆರಿಗೆ ಹಾಕುವ ದೇಶ ಅಮೆರಿಕ. ಅಲ್ಲಿ ನೆಲೆಸಿದ ಅನೇಕ ಕನ್ನಡಿಗರು ಎರಡೆರಡು ರಿಟರ್ನ್ ತುಂಬುತ್ತಾರೆ. ಟೆಕ್ಸಾಸ್‌ನಲ್ಲಿದ್ದರೆ ರಾಜ್ಯದ ಆದಾಯ ತೆರಿಗೆ ಇಲ್ಲ, ಇಲಿನಾಯ್ ಪಿಂಚಣಿಯನ್ನು ಬಿಟ್ಟುಕೊಡುತ್ತದೆ, ಕ್ಯಾಲಿಫೋರ್ನಿಯಾ ಬಿಡುವುದಿಲ್ಲ. ಆ ದೇಶದ ಮಿಷಿಗನ್ ರಾಜ್ಯ ಒಂದು ಕಾಲಕ್ಕೆ ತನ್ನ ನಿವೃತ್ತ ನೌಕರರ ಪಿಂಚಣಿಗೆ ತೆರಿಗೆ ಬಿಟ್ಟು, ತನ್ನಲ್ಲೇ ವಾಸಿಸುವ ಕೇಂದ್ರ ಸರ್ಕಾರದ ನಿವೃತ್ತರ ಪಿಂಚಣಿಗೆ ಮಾತ್ರ ತೆರಿಗೆ ಹಾಕುತ್ತಿತ್ತು. ಪಾಲ್ ಡೇವಿಸ್ ಎಂಬ ನಿವೃತ್ತರು ಅದನ್ನು ಪ್ರಶ್ನಿಸಿದರು. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಡೇವಿಸ್ ಪರ ನಿಂತಿತು. 2019ರಲ್ಲಿ ವೆಸ್ಟ್ ವರ್ಜೀನಿಯಾದ ಇಂಥದೇ ನಿಯಮವನ್ನು, ತೀರ್ಪಿನಲ್ಲಿ ಒಂದೇ ಒಂದು ಅಪಸ್ವರವೂ ಇಲ್ಲದೆ, ಅದೇ ಕೋರ್ಟ್ ತಳ್ಳಿಹಾಕಿತು. ಆ ತೀರ್ಪುಗಳು ಎರಡು ಸರ್ಕಾರಗಳ ನೌಕರರ ನಡುವಿನ ಭೇದದ ಕುರಿತವು, ಖಾಸಗಿಯವರ ಪ್ರಶ್ನೆ ಅಲ್ಲಿ ಇರಲಿಲ್ಲ. ಆದರೂ ಕೋರ್ಟ್ ಕೇಳಿದ ಪ್ರಶ್ನೆ ನಮಗೂ ಬೇಕಾದದ್ದೇ: ಒಂದೇ ಬಗೆಯ ಹಣಕ್ಕೆ, ಕೊಟ್ಟವರು ಯಾರು ಎಂಬುದನ್ನು ಬಿಟ್ಟರೆ ಬೇರೆ ತೆರಿಗೆ ಹಾಕಲು ನಿಜವಾದ ವ್ಯತ್ಯಾಸ ಏನಿದೆ?

ಭಾರತಕ್ಕೆ ಈ ಪ್ರಶ್ನೆ ಕೇಳಿಕೊಳ್ಳಲು ಒಂದು ದೊಡ್ಡ ಅವಕಾಶ ಇತ್ತು. 1961ರ ಆದಾಯ ತೆರಿಗೆ ಕಾಯ್ದೆಯನ್ನು ತೆಗೆದು ಹೊಸದನ್ನು ಬರೆದರು. 2025ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ಜಾರಿಯ ದಿನ 2026ರ ಏಪ್ರಿಲ್ 1. ಎಂಟುನೂರಕ್ಕೂ ಹೆಚ್ಚಿದ್ದ ಕಲಮುಗಳು 536ಕ್ಕೆ ಇಳಿದವು, ಭಾಷೆ ಸರಳವಾಯಿತು. ನಿವೃತ್ತಿ ಹಣದ ಎರಡು ತಕ್ಕಡಿಗಳನ್ನು ಮಾತ್ರ ಹೊಸ ಮನೆಗೂ ಹೊತ್ತು ತಂದರು. ಕುಟುಂಬ ಪಿಂಚಣಿಯ 25,000 ಹಾಗೆಯೇ ಬಂತು.

ಎಂಟನೇ ಕೇಂದ್ರ ವೇತನ ಆಯೋಗ ಈಗಾಗಲೇ ರಚನೆಯಾಗಿದೆ. ನಿವೃತ್ತ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅದರ ಅಧ್ಯಕ್ಷರು. ವರದಿಗೆ ಕೊಟ್ಟ ಅವಧಿ 18 ತಿಂಗಳು. ಅದರ ಶಿಫಾರಸು ಜಾರಿಯಾದ ದಿನ ಸರ್ಕಾರದ ಅತಿ ಹೆಚ್ಚಿನ ವೇತನ ಎರಡೂವರೆ ಲಕ್ಷದಲ್ಲಿ ನಿಲ್ಲುವುದಿಲ್ಲ, ಸರ್ಕಾರಿ ನೌಕರರ ತೆರಿಗೆರಹಿತ ರಜೆ ಹಣವೂ ಗ್ರಾಚ್ಯುಟಿಯೂ ಮತ್ತೆ ತಾವಾಗಿ ಏರುತ್ತವೆ. ಉಳಿದವರ 25 ಲಕ್ಷ, 20 ಲಕ್ಷಗಳನ್ನು ಅದೇ ದಿನ, ಅದೇ ಪ್ರಮಾಣದಲ್ಲಿ ಏರಿಸಬೇಕು ಎಂಬ ಒಂದು ವಾಕ್ಯವನ್ನು ಅದಕ್ಕೂ ಮೊದಲಿನ ಹಣಕಾಸು ಮಸೂದೆಯಲ್ಲೇ ಸೇರಿಸಬೇಕು. ಕುಟುಂಬ ಪಿಂಚಣಿಗೆ, ಎನ್‌ಪಿಎಸ್ ವರ್ಷಾಶನಕ್ಕೆ ಪಿಂಚಣಿಯಷ್ಟೇ ಕಡಿತ ಕೊಡಲು ಇನ್ನೆರಡು ವಾಕ್ಯ ಸಾಕು. ಗದಗದಿಂದ ಹುಬ್ಬಳ್ಳಿಯ ತನಕ ಇರುವ ಸಾರಿಗೆ, ಬ್ಯಾಂಕು, ಗಿರಣಿ ನೌಕರರ ಸಂಘಗಳೂ ಶಿಕ್ಷಕರ ಸಂಘಗಳೂ ತಮ್ಮ ಮನವಿಗಳಲ್ಲಿ ತುಟ್ಟಿಭತ್ಯೆಯ ಬೇಡಿಕೆಯ ಪಕ್ಕದಲ್ಲಿ ಈ ಮೂರು ವಾಕ್ಯಗಳನ್ನೂ ಬರೆದು, ಹಾವೇರಿ ಮತ್ತು ಧಾರವಾಡದ ಸಂಸದರ ಕೈಗೆ ಮುಂದಿನ ಬಜೆಟ್ ಅಧಿವೇಶನಕ್ಕೆ ಮೊದಲೇ ಮುಟ್ಟಿಸಬೇಕು.